"ಎಲ್ಲದರಲ್ಲೂ ಅದೇ ಪ್ರಾರ್ಥನೆ": ಟುರಿನ್ನಿನ ಈಜಿಪ್ಟ್ ಸಂಗ್ರಹಾಲಯದಲ್ಲಿ ಓದದೆ ಬಿಟ್ಟ ಸಾಲುಗಳು

ಕಂಪನಿ ಕೆಲಸದ ಮೇಲೆ ಇಟಲಿಯ ಟುರಿನ್ ನಗರಕ್ಕೆ ಹೋಗಿದ್ದಾಗ ಒಂದು ಶನಿವಾರ ಪೂರ್ತಿ ಬಿಡುವು ಸಿಕ್ಕಿತು. ಕಾರಿನ ಬಿಡಿಭಾಗಗಳ ಅಳತೆ ಸರಿಯಿದೆಯೋ ಇಲ್ಲವೋ ನೋಡುವುದು ನನ್ನ ಹೊಟ್ಟೆಪಾಡು. ಶಾಸನ ಓದೋದು ಹುಚ್ಚು. ಟುರಿನ್ ಅಂದರೆ ಹೆಚ್ಚಿನವರಿಗೆ ಕಾರಿನ ಊರು. ಲಿಪಿಯ ಹುಚ್ಚಿರುವವರಿಗೆ ಮಾತ್ರ ಅದು ಇನ್ನೊಂದು ಕಾರಣಕ್ಕೆ ಯಾತ್ರಾಸ್ಥಳ. ಈಜಿಪ್ಟಿನ ಪ್ರಾಚೀನ ವಸ್ತುಗಳಿಗೆಂದೇ ಮೀಸಲಾದ, 1824ರಲ್ಲಿ ಶುರುವಾದ ಮ್ಯೂಜಿಯೋ ಎಜಿಜಿಯೋ ಇರುವುದು ಅಲ್ಲಿ.

ಒಬ್ಬನೇ ಹೋಗಿ ಕಣ್ಣು ಕಣ್ಣು ಬಿಡೋದಕ್ಕಿಂತ ಗೈಡ್ ಜೊತೆ ಹೋಗೋಣ ಅಂತ ಹೊರಗಿನ ಒಂದು ಟೂರ್ ಕಂಪನಿಯಲ್ಲಿ ಎರಡು ಗಂಟೆಯ ಇಂಗ್ಲಿಷ್ ಸುತ್ತಾಟಕ್ಕೆ ಹೆಸರು ಕೊಟ್ಟೆ. ಗೈಡ್ ಸಂಗ್ರಹಾಲಯದ ನೌಕರರಲ್ಲ, ಆ ಕಂಪನಿಯವರು. ಅವರ ಹೆಸರೂ ಕಂಪನಿಯ ಹೆಸರೂ ಇಲ್ಲಿ ಮುಖ್ಯವಲ್ಲ. ಇದು ಪ್ರವಾಸ ಕಥನವೂ ಅಲ್ಲ. ಆ ಎರಡು ಗಂಟೆಯಲ್ಲಿ ಏನು ತೋರಿಸಿದರು, ಏನು ತೋರಿಸದೆ ಬಿಟ್ಟರು ಅನ್ನುವುದರ ವಿಮರ್ಶೆ. ಕೊನೆಯಲ್ಲಿ ಅದು ನನ್ನ ಬುಡಕ್ಕೇ ಬಂತು, ಅದನ್ನೂ ಹೇಳುತ್ತೇನೆ.

ಮೊದಲು ಸ್ಥಳದ ಬಗ್ಗೆ ಎರಡು ಮಾತು. ಈಜಿಪ್ಟಿನಲ್ಲಿ ಫ್ರಾನ್ಸಿನ ಕಾನ್ಸುಲ್ ಆಗಿದ್ದ ಬರ್ನಾರ್ಡಿನೋ ದ್ರೊವೆತ್ತಿ ಕೂಡಿಹಾಕಿದ್ದ ಐದು ಸಾವಿರಕ್ಕೂ ಹೆಚ್ಚು ವಸ್ತುಗಳನ್ನು ಇಲ್ಲಿನ ರಾಜ 1824ರಲ್ಲಿ ಕೊಂಡುಕೊಂಡ. ಅದಕ್ಕೆ ಎರಡೇ ವರ್ಷ ಮುಂಚೆ, 1822ರಲ್ಲಿ, ಷಾಂಪೋಲಿಯನ್ ಹೈರೋಗ್ಲಿಫ್ ಲಿಪಿಯನ್ನು ಬಿಡಿಸಿದ ತನ್ನ ಪ್ರಸಿದ್ಧ ಪತ್ರವನ್ನು ಪ್ಯಾರಿಸ್ಸಿನಲ್ಲಿ ಪ್ರಕಟಿಸಿದ್ದ. ವಸ್ತುಗಳು ಟುರಿನ್ನಿಗೆ ಬಂದಿವೆ ಅಂತ ತಿಳಿದದ್ದೇ ತಡ, ಆ ವರ್ಷವೇ ಇಲ್ಲಿಗೆ ಬಂದು ಕೂತ. ಚೂರುಚೂರಾಗಿದ್ದ ಪಪೈರಸ್ ರಾಶಿಯಲ್ಲಿ ರಾಜರ ಹೆಸರುಗಳ ಒಂದು ಪಟ್ಟಿ ಇರುವುದನ್ನು ಗುರುತಿಸಿದ. ಇವತ್ತಿಗೂ ಪ್ರಾಚೀನ ಈಜಿಪ್ಟಿನ ಅರಸರ ಅನುಕ್ರಮ ಹೇಳಬೇಕಾದರೆ 'ಟುರಿನ್ ರಾಜಪಟ್ಟಿ' ಬೇಕೇ ಬೇಕು. ತೆರಿಗೆ ಲೆಕ್ಕ ಬರೆದು ಮುಗಿದ ಹಾಳೆಯ ಹಿಂಬದಿಯಲ್ಲಿ ಯಾರೋ ಬರೆದಿಟ್ಟ ಪಟ್ಟಿ ಅದು. ಅಂದರೆ ಈ ಸಂಗ್ರಹಾಲಯ ಹುಟ್ಟಿದ್ದೂ ಈ ಲಿಪಿಗೆ ಮತ್ತೆ ಬಾಯಿ ಬಂದದ್ದೂ ಹೆಚ್ಚು ಕಡಿಮೆ ಒಟ್ಟೊಟ್ಟಿಗೆ. ಓದು ಅನ್ನುವುದು ಈ ಕಟ್ಟಡದ ಅಡಿಪಾಯದಲ್ಲೇ ಇದೆ.

ಗೈಡ್ ಬಗ್ಗೆ ನ್ಯಾಯವಾಗಿ ಹೇಳಬೇಕು. ದನಿ ಚೆನ್ನಾಗಿತ್ತು. ನಡೆಯಲು ಕಷ್ಟಪಡುವವರಿಗಾಗಿ ನಿಧಾನಿಸುತ್ತಿದ್ದರು. ಕಥೆ ಹೇಳುವ ಕಲೆ ಗೊತ್ತಿತ್ತು. ಮಮ್ಮಿ ಮಾಡುವ ವಿಧಾನ ವಿವರಿಸುವಾಗ ಗುಂಪಿನಲ್ಲಿ ಒಬ್ಬರೂ ಫೋನ್ ನೋಡಲಿಲ್ಲ. ಇಷ್ಟಿದ್ದೂ ಹೊರಗೆ ಬಂದಾಗ ನನಗೆ ಹಸಿವು ಹಾಗೇ ಉಳಿದಿತ್ತು. ಅದಕ್ಕೆ ಕಾರಣ ಒಂದು ಸಣ್ಣ ಪ್ರಶ್ನೆ ಮತ್ತು ಅದಕ್ಕೆ ಸಿಕ್ಕ ಉತ್ತರ.

ಕಲ್ಲಿನ ಸ್ಮಾರಕ ಫಲಕಗಳ ಮುಂದೆ ನಿಂತಿದ್ದೆವು. ನಮ್ಮ ವೀರಗಲ್ಲಿನ ಹಾಗೆ ಮೇಲೆ ಚಿತ್ರ, ಕೆಳಗೆ ಅಕ್ಷರ. ಸತ್ತವನು ಕೂತಿದ್ದಾನೆ, ಮುಂದೆ ಎಡೆ ಇಟ್ಟ ಮೇಜು, ಕೆಳಗೆ ಸಾಲು ಸಾಲು ಬರಹ. ಗುಂಪಿನಲ್ಲಿದ್ದ ವಯಸ್ಸಾದ ಹೆಂಗಸೊಬ್ಬರು ಕೇಳಿದರು, "ಇದರಲ್ಲಿ ಏನು ಬರೆದಿದೆ?" ಗೈಡ್ ನಗುತ್ತಲೇ ಹೇಳಿದರು, "ವಿಶೇಷ ಏನಿಲ್ಲ, ಎಲ್ಲದರಲ್ಲೂ ಅದೇ ಪ್ರಾರ್ಥನೆ. ಬನ್ನಿ, ಮುಂದೆ ಇನ್ನೂ ಸ್ವಾರಸ್ಯದ್ದು ಇದೆ." ಆಕೆ ತಲೆಯಾಡಿಸಿ ಹಿಂದೆ ಹೋದರು.

"ಅದೇ ಪ್ರಾರ್ಥನೆ" ಅನ್ನುವುದು ಪೂರ್ತಿ ಸುಳ್ಳಲ್ಲ, ಅಲ್ಲೇ ತೊಂದರೆ ಇರೋದು. ಇಂಥ ಫಲಕಗಳಲ್ಲಿ ಬಹುಪಾಲು 'ಹೆತೆಪ್ ದಿ ನೆಸು' ಎಂಬ ಒಂದೇ ಸೂತ್ರದಿಂದ ಶುರುವಾಗುತ್ತವೆ. ನಮ್ಮ ಶಾಸನಗಳಲ್ಲಿ 'ಸ್ವಸ್ತಿ' ಇದ್ದ ಹಾಗೆ ಅಂದುಕೊಳ್ಳಿ. ಅದನ್ನು ಗುರುತಿಸಿದರೆ ಬರಹ ಎಲ್ಲಿಂದ ಶುರು ಅನ್ನುವುದು ಸಿಕ್ಕಿತು. 'ರಾಜನು ಕೊಡುವ ನೈವೇದ್ಯ' ಅಂತ ಸ್ಥೂಲವಾಗಿ ಅರ್ಥ. ಬರೆಯುವಾಗ ರಾಜನ ಗುರುತಾದ ಜೊಂಡುಗಿಡದ ಚಿಹ್ನೆ ಗೌರವಕ್ಕಾಗಿ ಮೊದಲು ಬರುತ್ತದೆ, ಓದುವಾಗ ಕೊನೆಗೆ ಹೋಗುತ್ತದೆ. ಆಮೇಲೆ ದೇವರ ಹೆಸರು, ಆಮೇಲೆ ಸತ್ತವನಿಗೆ ಏನೇನು ಸಿಗಬೇಕು ಅನ್ನುವ ಪಟ್ಟಿ: ರೊಟ್ಟಿ, ಬಿಯರ್, ಎತ್ತು, ಹಕ್ಕಿ, ಬಟ್ಟೆ, ಎಲ್ಲವೂ ಸಾವಿರ ಸಾವಿರ. ಸಾವಿರಕ್ಕೆ ತಾವರೆ ಗಿಡದ ಚಿಹ್ನೆ. ಕೊನೆಯಲ್ಲಿ ಆ ಮನುಷ್ಯನ ಹುದ್ದೆ, ಹೆಸರು.

ಸೂತ್ರ ಎಲ್ಲದರಲ್ಲೂ ಒಂದೇ, ಸರಿ. ಆದರೆ ಆ ಕೊನೆಯ ಹೆಸರು ಒಂದೇ ಅಲ್ಲವಲ್ಲ? ಅಷ್ಟೂ ಬರಹ ಇರುವುದೇ ಆ ಹೆಸರಿಗಾಗಿ. ಇಂಥ ಬರಹಗಳಲ್ಲಿ ಕೆಲವು ದಾರಿಹೋಕರನ್ನು ನೇರವಾಗಿ ಕರೆಯುತ್ತವೆ. ವಿದ್ವಾಂಸರು ಇದಕ್ಕೆ 'ಬದುಕಿರುವವರಿಗೆ ಮೊರೆ' ಎಂಬ ಅರ್ಥದ ಹೆಸರನ್ನೇ ಕೊಟ್ಟಿದ್ದಾರೆ. ಈ ಕಡೆ ಹಾದುಹೋಗುವವರೇ, ನಿಮ್ಮ ಕೈಯಲ್ಲಿ ಕೊಡಲು ಏನೂ ಇಲ್ಲದಿದ್ದರೆ ಚಿಂತೆಯಿಲ್ಲ, ಸಾವಿರ ರೊಟ್ಟಿ ಸಾವಿರ ಬಿಯರ್ ಅಂತ ಬಾಯಲ್ಲಾದರೂ ಹೇಳಿ, ಇದು ಬಾಯಿಯ ಉಸಿರಷ್ಟೇ, ನಿಮಗೇನೂ ಆಯಾಸವಿಲ್ಲ ಅನ್ನುವ ಧಾಟಿಯಲ್ಲಿ ಇರುತ್ತವೆ. ಹೆಸರನ್ನು ಯಾರಾದರೂ ಉಚ್ಚರಿಸುವ ತನಕ ಸತ್ತವನು ಪೂರ್ತಿ ಇಲ್ಲವಾಗುವುದಿಲ್ಲ ಎಂಬುದು ಅವರ ನಂಬಿಕೆ. ನಂಬಿಕೆ ನಮ್ಮದಾಗಬೇಕಿಲ್ಲ. ಆದರೆ ಮೂರು ನಾಲ್ಕು ಸಾವಿರ ವರ್ಷ ಹಿಂದಿನ ಕಲ್ಲು 'ಹಾದುಹೋಗುವವರೇ' ಅಂತ ಕರೆದದ್ದು ಯಾರನ್ನು? ಟಿಕೆಟ್ ತಗೊಂಡು ಅದರ ಮುಂದೆ ನಿಂತ ನಮ್ಮನ್ನೇ. "ಬನ್ನಿ, ಮುಂದೆ ಸ್ವಾರಸ್ಯದ್ದು ಇದೆ" ಅಂದಾಗ ನಾವು ಮಾಡಿದ್ದು ಆ ಕಲ್ಲು ಯಾವುದನ್ನು ಮಾಡಬೇಡಿ ಅಂದಿತ್ತೋ ಅದನ್ನೇ.

ಮುಂದಿನದು ರಾಜರ ಗ್ಯಾಲರಿ. 2024ರಲ್ಲಿ, ಸಂಗ್ರಹಾಲಯಕ್ಕೆ 200 ವರ್ಷ ತುಂಬಿದಾಗ, ಹೊಸದಾಗಿ ಜೋಡಿಸಿದ ಭಾಗ. ಕಪ್ಪು ಕಲ್ಲಿನಲ್ಲಿ ಕೂತಿರುವ ಎರಡನೇ ರಾಮ್ಸೆಸ್ ಇಲ್ಲಿನ ಅತಿ ಪ್ರಸಿದ್ಧ ಶಿಲ್ಪ. ಗೈಡ್ ಮುಖದ ನಗೆಯ ಬಗ್ಗೆ, ಕಲ್ಲಿನ ನಯದ ಬಗ್ಗೆ, ರಾಣಿ ನೆಫರ್ತಾರಿಯ ಸೌಂದರ್ಯದ ಬಗ್ಗೆ ಹೇಳಿದರು. ಇದು ರಾಮ್ಸೆಸ್ ಅಂತ ನಮಗೆ ಹೇಗೆ ಗೊತ್ತು ಅನ್ನುವುದನ್ನು ಮಾತ್ರ ಹೇಳಲಿಲ್ಲ. ಗೊತ್ತಿರುವುದು ಕಾರ್ತೂಷ್‌ನಿಂದ, ಅಂದರೆ ರಾಜನ ಹೆಸರನ್ನು ಹಗ್ಗದ ಕುಣಿಕೆಯಂತೆ ಸುತ್ತುವರಿದ ಉದ್ದನೆಯ ಉಂಗುರದಿಂದ. ಈಜಿಪ್ಟಿನಲ್ಲಿ ಹಿಂದಿನ ರಾಜನ ಶಿಲ್ಪದ ಮೇಲೆ ತಮ್ಮ ಹೆಸರು ಕೆತ್ತಿಸಿಕೊಂಡ ರಾಜರಿದ್ದಾರೆ. ಸ್ವತಃ ಎರಡನೇ ರಾಮ್ಸೆಸ್ ಈ ವಿಷಯದಲ್ಲಿ ಕುಖ್ಯಾತ. ಮುಖ ಒಬ್ಬನದು, ಹೆಸರು ಇನ್ನೊಬ್ಬನದು ಆಗಿರುವ ಶಿಲ್ಪಗಳು ಎಷ್ಟೋ ಇವೆ. ಹಾಗಾಗಿ ಕಾರ್ತೂಷ್ ಅಲಂಕಾರವಲ್ಲ, ಸಾಕ್ಷಿ. ಕೆಲವೊಮ್ಮೆ ತಿದ್ದಿದ ಸಾಕ್ಷಿ.

ಅದೇ ಗ್ಯಾಲರಿಯಲ್ಲಿ ಹೋರೆಮ್‌ಹೆಬ್ ಮತ್ತು ಅವನ ರಾಣಿ ಮುತ್‌ನೆಜ್ಮೆತ್ ಜೋಡಿಯಾಗಿ ಕೂತಿರುವ ಶಿಲ್ಪವಿದೆ. ಗೈಡ್ ಒಂದು ನಿಮಿಷ ನಿಲ್ಲಿಸಿ, "ಇವನು ತೂತನ್‌ಖಾಮುನ್‌ನ ಸೇನಾಪತಿ, ಆಮೇಲೆ ರಾಜನಾದ" ಅಂದರು. ನಿಜ. ಆದರೆ ರಾಜವಂಶದಲ್ಲಿ ಹುಟ್ಟದ ಸೇನಾಪತಿ ರಾಜ ಆದದ್ದಾದರೂ ಹೇಗೆ? ಅದಕ್ಕೆ ಅವನದೇ ಉತ್ತರ ಇದೇ ಶಿಲ್ಪದ ಬೆನ್ನಿನ ಮೇಲಿದೆ. ತನ್ನ ಊರಿನ ದೇವರು ಹೋರಸ್ ತನ್ನನ್ನು ಚಿಕ್ಕಂದಿನಿಂದಲೇ ಆರಿಸಿಟ್ಟಿದ್ದ, ಥೀಬ್ಸಿನಲ್ಲಿ ಆಮುನ್ ದೇವರ ಹಬ್ಬದ ಹೊತ್ತಿಗೆ ಕರೆತಂದ, ಆಮುನ್ ತಾನೇ ಒಪ್ಪಿ ಪಟ್ಟಕಟ್ಟಿದ ಎಂಬ ಪಟ್ಟಾಭಿಷೇಕದ ಬರಹ ಅದು. ಹುಟ್ಟಿನ ಹಕ್ಕು ಇಲ್ಲದವನು ದೇವರ ಕೈಯಿಂದ ಹಕ್ಕು ಬರೆಸಿಕೊಂಡದ್ದು. ನಮ್ಮ ರಾಜವಂಶಗಳ ಪ್ರಶಸ್ತಿ ಭಾಗಗಳನ್ನು ಓದಿದವರಿಗೆ ಈ ವರಸೆ ಹೊಸದೇನಲ್ಲ. ನಾವೆಲ್ಲ ಮುಂಭಾಗದ ಫೋಟೋ ತೆಗೆದುಕೊಂಡೆವು. ಬೆನ್ನಿನಲ್ಲಿ ಏನೋ ಇದೆ ಅನ್ನುವ ಸುಳಿವೂ ಗುಂಪಿಗೆ ಸಿಗಲಿಲ್ಲ.

ಇಲ್ಲಿಯವರೆಗಿನದು ಬಿಟ್ಟುಹೋದದ್ದರ ಲೆಕ್ಕ. ಓದದೆ ಬಿಟ್ಟರೆ ತಪ್ಪು ಹೇಗೆ ನುಸುಳುತ್ತದೆ ಅನ್ನುವುದಕ್ಕೆ ಇನ್ನೊಂದು ಉದಾಹರಣೆ ಕೊಡುತ್ತೇನೆ.

ದೇರ್ ಎಲ್ ಮದೀನಾದ ವಸ್ತುಗಳಿರುವ ಕೋಣೆಗೆ ಬಂದೆವು. ಲಕ್ಸರ್ ಎದುರಿನ ಪಶ್ಚಿಮ ದಡದಲ್ಲಿ, ರಾಜರ ಗೋರಿಗಳನ್ನು ಕೊರೆದು ಬಣ್ಣ ಬಳಿದ ಕುಶಲಕರ್ಮಿಗಳು ಸಂಸಾರ ಸಮೇತ ಇದ್ದ ಹಳ್ಳಿ ಅದು. ಅಲ್ಲಿ ಗೈಡ್, "ಚಾಟಿಯೇಟಿನ ಕೆಳಗೆ ಸಾವಿರಾರು ಗುಲಾಮರು ಈ ಗೋರಿಗಳನ್ನು ತೋಡಿದರು" ಅಂದರು. ಸಿನಿಮಾದಲ್ಲಿ ನೋಡಿದ್ದು ತಲೆಯಲ್ಲಿ ಕೂತಿರುತ್ತದೆ, ಕೇಳಿದವರೂ ಹೌದೌದು ಅಂತಾರೆ. ಆದರೆ ಈ ಮಾತನ್ನು ಅಲ್ಲಗಳೆಯುವ ಪಪೈರಸ್ ಇದೇ ಸಂಗ್ರಹಾಲಯದ ಆಸ್ತಿ. ಮೂರನೇ ರಾಮ್ಸೆಸ್ ಆಳ್ವಿಕೆಯ 29ನೇ ವರ್ಷ, ಸುಮಾರು ಕ್ರಿ.ಪೂ. 1157ರ ಆಸುಪಾಸು. ಕೂಲಿಯಾಗಿ ಬರಬೇಕಾದ ಧಾನ್ಯ ಬರಲಿಲ್ಲ. ತಿಂಗಳಲ್ಲಿ 18 ದಿನ ಕಳೆದವು. ಕೆಲಸಗಾರರು ಉಪಕರಣ ಕೆಳಗಿಟ್ಟು, ಕಾವಲಿನ ಗೋಡೆ ದಾಟಿ ಹೋಗಿ ದೇವಾಲಯದ ಹಿಂದೆ ಕೂತರು. ಹಸಿವು ಬಾಯಾರಿಕೆಯಿಂದ ಬಂದಿದ್ದೇವೆ, ಬಟ್ಟೆಯಿಲ್ಲ, ಎಣ್ಣೆಯಿಲ್ಲ, ಮೀನಿಲ್ಲ, ತರಕಾರಿಯಿಲ್ಲ, ಫೆರೋಗೆ ಬರೆದು ತಿಳಿಸಿ ಅಂತ ಪಟ್ಟು ಹಿಡಿದರು. ಇದನ್ನೆಲ್ಲ ದಾಖಲಿಸಿದವನು ಅವರ ಜೊತೆಗೇ ಇದ್ದ ಅಮೆನ್ನಖ್ತೆ ಎಂಬ ಲಿಪಿಕಾರ. ಬರಹದಲ್ಲಿ ದಾಖಲಾದ ಜಗತ್ತಿನ ಮೊದಲ ಮುಷ್ಕರ ಅಂತ ಇದನ್ನು ಕರೆಯುತ್ತಾರೆ.

ಅದೇ ಹಳ್ಳಿಯ ಹಾಜರಿ ಪಟ್ಟಿಯೊಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಸುಣ್ಣಕಲ್ಲಿನ ಚಕ್ಕೆಯ ಮೇಲೆ ಯಾರು ಯಾವ ದಿನ ಬರಲಿಲ್ಲ, ಯಾಕೆ ಬರಲಿಲ್ಲ ಅಂತ ಬರೆದಿದೆ. ಒಬ್ಬನಿಗೆ ಚೇಳು ಕುಟುಕಿತ್ತು, ಇನ್ನೊಬ್ಬ ಮನೆಯಲ್ಲಿ ಬಿಯರ್ ಮಾಡುತ್ತಿದ್ದ. ಕಟ್ಟಡದ ಕೆಲಸ ನಡೆಯುವ ಕಡೆ ಮಸ್ಟರ್ ರೋಲ್ ನೋಡಿದವರಿಗೆ ನಗು ಬರದೆ ಇರದು. ಗುಲಾಮನಿಗೆ ಯಾರು ಇಷ್ಟು ವಿವರವಾಗಿ ರಜೆಯ ಕಾರಣ ಬರೆಯುತ್ತಾರೆ? ಈಜಿಪ್ಟಿನಲ್ಲಿ ಗುಲಾಮರೇ ಇರಲಿಲ್ಲ ಅಂತ ನಾನು ಹೇಳುತ್ತಿಲ್ಲ. ರಾಜರ ಗೋರಿ ಕೊರೆದ ಈ ಹಳ್ಳಿಯವರು ಕೂಲಿ ಪಡೆಯುತ್ತಿದ್ದ, ಕೂಲಿ ಬಾರದಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದ ಕೆಲಸಗಾರರು. ಅವರು ಬರೆದಿಟ್ಟದ್ದು ಕಣ್ಣಿಗೆ ಬೀಳದ ಕಾರಣ ಸಿನಿಮಾದ ಚಾಟಿ ಗೆದ್ದಿತು. ಕೂಲಿಗಾಗಿ ಕೂತವರನ್ನು ಮೂರು ಸಾವಿರ ವರ್ಷದ ಮೇಲೆ ಮತ್ತೆ ಬಾಯಿಲ್ಲದವರನ್ನಾಗಿ ಮಾಡಿದೆವು. ನನಗೆ ಇದು ಸಣ್ಣ ತಪ್ಪಾಗಿ ಕಾಣುವುದಿಲ್ಲ.

ಆಮೇಲೆ ಖಾ ಮತ್ತು ಮೆರಿತ್ ದಂಪತಿಯ ಕೋಣೆ. ನನ್ನ ಮಟ್ಟಿಗೆ ಇಡೀ ಸಂಗ್ರಹಾಲಯದ ಹೃದಯ ಇದೇ. 1906ರಲ್ಲಿ ಎರ್ನೆಸ್ತೋ ಸ್ಕಿಯಾಪರೆಲ್ಲಿಯ ತಂಡ ದೇರ್ ಎಲ್ ಮದೀನಾದಲ್ಲಿ ಕಳ್ಳರು ಮುಟ್ಟದ ಈ ಗೋರಿಯನ್ನು ಕಂಡುಹಿಡಿಯಿತು. ಖಾ ರಾಜನಲ್ಲ. ಗೋರಿ ಕೆಲಸದ ಮೇಲ್ವಿಚಾರಕ. ಇವತ್ತಿನ ಮಾತಿನಲ್ಲಿ ಒಬ್ಬ ಸೀನಿಯರ್ ಇಂಜಿನಿಯರ್. ಕ್ರಿ.ಪೂ. 15-14ನೇ ಶತಮಾನದಲ್ಲಿ ಮೂವರು ಫೆರೋಗಳ ಕೆಳಗೆ ದುಡಿದವನು. ಮಂಚ, ಕುರ್ಚಿ, ಬಟ್ಟೆ, ರೊಟ್ಟಿ ಸಮೇತ ಒಂದು ಸಂಸಾರವೇ ಅಲ್ಲಿ ಜೋಡಿಸಿಟ್ಟಿದೆ.

ಅಲ್ಲಿ ಎರಡು ಅಳತೆಗೋಲುಗಳಿವೆ. ಅಳತೆ ನನ್ನ ಕಸುಬು, ಹಾಗಾಗಿ ಕಾಲು ಅಲ್ಲೇ ನಿಂತಿತು. ಒಂದು ಚಿನ್ನದ ತಗಡು ಹೊದಿಸಿದ ರಾಜಮೊಳ. ಇನ್ನೊಂದು ಮಡಚುವ ಮರದ ಮೊಳಗೋಲು, ಅದಕ್ಕೊಂದು ಚರ್ಮದ ಚೀಲ. ಈಜಿಪ್ಟಿನ ರಾಜಮೊಳ ಸುಮಾರು 52.5 ಸೆಂಟಿಮೀಟರ್. 7 ಅಂಗೈ, 28 ಬೆರಳು. ಎಲ್ಲರೂ ಚಿನ್ನದ ಕೋಲಿಗೆ ಮುಗಿಬಿದ್ದರು. ಗೈಡ್ "ಎಷ್ಟು ಶ್ರೀಮಂತ ಇಂಜಿನಿಯರ್ ನೋಡಿ" ಅಂದರು. ಆ ಕೋಲಿನ ಮೇಲೆ ಎರಡನೇ ಅಮೆನ್‌ಹೊತೆಪ್‌ನ ಕಾರ್ತೂಷ್ ಇದೆ. ಅಂದರೆ ಅದು ರಾಜ ಕೊಟ್ಟ ಗೌರವ, ನಿವೃತ್ತಿ ದಿನ ನಮಗೆ ಕೊಡುವ ಹೆಸರು ಕೆತ್ತಿದ ಸ್ಮರಣಿಕೆ ಇದ್ದ ಹಾಗೆ. ಅದರಲ್ಲಿ ಯಾರೂ ಗೋಡೆ ಅಳೆಯುವುದಿಲ್ಲ. ದುಡಿಮೆಗೆ ಕೊಂಡೊಯ್ಯುವಂಥದ್ದು ಚರ್ಮದ ಚೀಲದ್ದು. ಯಾವುದು ಬಿರುದು, ಯಾವುದು ಕಸುಬು ಅಂತ ಹೇಳಿದ್ದು ಬರಹ.

ಇನ್ನು ಮೆರಿತ್. ಗೈಡ್ ಅವಳ ಕೂದಲಿನ ಟೋಪನ್, ಕಾಡಿಗೆ, ಸುಗಂಧದ ಬುಡ್ಡಿಗಳನ್ನು ತೋರಿಸಿ, "ಗಂಡನಿಗೆ ಅವಳ ಮೇಲೆ ಅಪಾರ ಪ್ರೀತಿ ಇತ್ತು" ಅಂದರು. ಗುಂಪು ಮೆಚ್ಚಿ ಮುಂದೆ ಹೋಯಿತು. ಪ್ರೀತಿ ಇತ್ತು ಅಂತ ಹೇಗೆ ಗೊತ್ತು? ಮೆರಿತ್ ಮಲಗಿದ್ದ ಶವಪೆಟ್ಟಿಗೆಯ ಮೇಲೆ ಇರುವ ಹೆಸರು ಮೆರಿತ್ ಅಂತ ಅಲ್ಲ, ಖಾ ಅಂತ. ಅದು ಗಂಡ ತನಗಾಗಿ ಮಾಡಿಸಿಟ್ಟಿದ್ದ ಪೆಟ್ಟಿಗೆ. ಹೆಂಡತಿ ಅವನಿಗಿಂತ ಮೊದಲು ತೀರಿಹೋದಳು, ಅವಳಿಗೆ ಪೆಟ್ಟಿಗೆ ಸಿದ್ಧವಿರಲಿಲ್ಲ, ತನ್ನದನ್ನೇ ಕೊಟ್ಟ. ಅವಳಿಗೆ ಅದು ದೊಡ್ಡದಾಯಿತು, ಮಿಕ್ಕ ಜಾಗಕ್ಕೆ ನಾರುಬಟ್ಟೆ ತುರುಕಿದರು. ಜೀವನವಿಡೀ ಅಳತೆ ತಪ್ಪದ ಮನುಷ್ಯ, ಅಳತೆ ಹೊಂದದ ಪೆಟ್ಟಿಗೆಯಲ್ಲಿ ಹೆಂಡತಿಯನ್ನು ಕಳಿಸಬೇಕಾಯಿತು. ಗೈಡ್ ಹೇಳಿದ 'ಪ್ರೀತಿ' ಎಂಬ ಮಾತು ತಪ್ಪಲ್ಲ. ಆದರೆ ನಾವು ಅದನ್ನು ಅವರ ಬಾಯಿಮಾತಿನ ಮೇಲೆ ನಂಬಬೇಕಾಯಿತು. ಪೆಟ್ಟಿಗೆಯ ಮೇಲಿನ ಹೆಸರು ತೋರಿಸಿದ್ದರೆ ನಾವೇ ಕಂಡುಕೊಳ್ಳುತ್ತಿದ್ದೆವು. ನನ್ನ ಆಕ್ಷೇಪದ ಸಾರ ಇಷ್ಟೇ. ಬರಹ ತೋರಿಸುವ ಗೈಡ್ ನೋಡುಗನ ಕೈಗೆ ಸಾಕ್ಷಿ ಕೊಡುತ್ತಾನೆ. ಬರಹ ದಾಟಿಸುವ ಗೈಡ್ ತನ್ನ ಮಾತನ್ನಷ್ಟೇ ಕೊಡುತ್ತಾನೆ. ಬರೀ ಮಾತು ನಂಬಿ ಅಭ್ಯಾಸವಾದವನು ನಾಳೆ ಮಮ್ಮಿಯ ಶಾಪವನ್ನೂ ನಂಬುತ್ತಾನೆ, ಪಿರಮಿಡ್ಡನ್ನು ಅನ್ಯಗ್ರಹದವರು ಕಟ್ಟಿದರು ಅನ್ನುವುದನ್ನೂ ನಂಬುತ್ತಾನೆ.

ಇದಕ್ಕೆ ಉತ್ತರವಾಗಿ ಹೇಳಬಹುದಾದದ್ದು ನನಗೆ ಗೊತ್ತಿದೆ. ಎರಡು ಗಂಟೆಯಲ್ಲಿ ಲಿಪಿ ಕಲಿಸೋಕೆ ಆಗತ್ತಾ? ಪ್ರವಾಸಿಗರಿಗೆ ವ್ಯಾಕರಣ ಬೇಕಾ? ಬೇಡ. ಮೂರು ವಿಷಯ ಸಾಕು, ಐದು ನಿಮಿಷದ ಕೆಲಸ. ಒಂದು, ಹಕ್ಕಿ ಮನುಷ್ಯರ ಮುಖ ಯಾವ ಕಡೆಗಿದೆಯೋ ಆ ಕಡೆಯಿಂದ ಸಾಲು ಶುರು. ಎರಡು, ಉದ್ದುಂಗುರದ ಒಳಗಿರುವುದು ರಾಜನ ಹೆಸರು. ಮೂರು, ಜೊಂಡು, ರೊಟ್ಟಿಯಿಟ್ಟ ಚಾಪೆ ಕಂಡರೆ ಅದು ನೈವೇದ್ಯದ ಸೂತ್ರ, ಅದರ ಕೊನೆಯಲ್ಲಿ ಒಬ್ಬ ಮನುಷ್ಯನ ಹೆಸರಿದೆ. ಇಷ್ಟು ಹೇಳಿ ಒಂದೇ ಒಂದು ಫಲಕದ ಮುಂದೆ ನಿಲ್ಲಿಸಿ "ತಾವರೆ ಎಲ್ಲಿದೆ ಹುಡುಕಿ" ಅಂದಿದ್ದರೆ, ಪ್ರಶ್ನೆ ಕೇಳಿದ ಆ ಹೆಂಗಸು ಉಳಿದ ಕೋಣೆಗಳಲ್ಲಿ ತಾವೇ ಹುಡುಕಿಕೊಂಡು ಹೋಗುತ್ತಿದ್ದರು. ಮಮ್ಮಿಯ ಮಿದುಳನ್ನು ಮೂಗಿನಿಂದ ತೆಗೆಯುವ ವರ್ಣನೆಗೆ ಹತ್ತು ನಿಮಿಷ ಹೋಯಿತು. ಅದರಲ್ಲಿ ಅರ್ಧ ಸಾಕಿತ್ತು.

ಇಷ್ಟು ಬರೆದ ಮೇಲೆ ನನ್ನ ಕಥೆ. ವರ್ಷಕ್ಕೆ ಮೂರು ನಾಲ್ಕು ಸಲ ನಾನೂ ಗೈಡ್ ಆಗುತ್ತೇನೆ. ಆಸಕ್ತರನ್ನು ಬೇಗೂರಿಗೆ ಕರೆದುಕೊಂಡು ಹೋಗಿ, ಸುಮಾರು ಕ್ರಿ.ಶ. 890ರ ಆ ಶಾಸನದಲ್ಲಿ 'ಬೆಂಗಳೂರ' ಎಂಬ ಅಕ್ಷರಗಳ ಮೇಲೆ ಬೆರಳಿಡುತ್ತೇನೆ. ಊರಿನ ಹೆಸರು ಅಷ್ಟು ಹಳೆಯದು ಅಂತ ಗೊತ್ತಾದ ಕೂಡಲೇ ಎಲ್ಲರ ಮುಖ ಅರಳುತ್ತದೆ. ಫೋಟೋ ಆಗುತ್ತದೆ. ಆಮೇಲೆ ತಿಂಡಿಗೆ ಹೋಗುತ್ತೇವೆ. ಟುರಿನ್ನಿನಲ್ಲಿ ಗೈಡಿನ ಹಿಂದೆ ನಡೆಯುವಾಗ ಇದು ನೆನಪಾಗಿ ಕಿವಿ ಬಿಸಿಯಾಯಿತು. ಬೇಗೂರಿನ ಕಲ್ಲು ಊರಿನ ಹೆಸರು ಹೇಳುವುದಕ್ಕಾಗಿ ನಿಲ್ಲಿಸಿದ್ದಲ್ಲ. ಬೆಂಗಳೂರ ಕಾಳಗದಲ್ಲಿ ಸತ್ತವನನ್ನು ನೆನೆಯಲು ನಿಲ್ಲಿಸಿದ್ದು. ಅವನ ಹೆಸರು ಬುಟ್ಟಣಸೆಟ್ಟಿ. ನನ್ನ ಜೊತೆ ಬಂದವರಲ್ಲಿ ಒಬ್ಬರಿಗಾದರೂ ಆ ಹೆಸರು ನೆನಪಿದೆಯಾ? ಇರಲಾರದು, ನಾನು ಹೇಳಿದ್ದರೆ ತಾನೆ! "ಉಳಿದದ್ದೆಲ್ಲ ಕಾಳಗದ ವಿಷಯ" ಅಂತ ಒಂದೇ ಮಾತಲ್ಲಿ ದಾಟಿಸಿದ್ದೇನೆ. "ಎಲ್ಲದರಲ್ಲೂ ಅದೇ ಪ್ರಾರ್ಥನೆ" ಅನ್ನುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಗುಂಪು ಚದುರಿದ ಮೇಲೆ ನಾನು ಒಬ್ಬನೇ ಮೆರಿತ್ ಪೆಟ್ಟಿಗೆಯ ಹತ್ತಿರ ಹಿಂತಿರುಗಿದೆ. ಫೋನಿನಲ್ಲಿ ಚಿಹ್ನೆಗಳ ಪಟ್ಟಿ ಇಟ್ಟುಕೊಂಡು ಹುಡುಕಿದೆ. ಖಾ ಎಂಬ ಹೆಸರಿಗೆ ಗುಡ್ಡದ ಹಿಂದೆ ಸೂರ್ಯ ಮೂಡುವ ಚಿಹ್ನೆ ಬಳಸುತ್ತಾರೆ. ಸಾವಿರಕ್ಕೆ ಹೇಳುವ 'ಖಾ' ಬೇರೆ, ಈ 'ಖಾ' ಬೇರೆ. ಕೊನೆಯ ವ್ಯಂಜನ ಬೇರೆಬೇರೆ, ನಮ್ಮ ಬಾಯಲ್ಲಿ ಎರಡೂ ಒಂದೇ ಆಗಿಬಿಡುತ್ತವೆ. ಹಳೆಯ ಶಾಸನದ ಱ, ೞಗಳನ್ನು ನಾವು ರ, ಳ ಮಾಡಿ ಓದುತ್ತೇವಲ್ಲ, ಹಾಗೆ. ಈಜಿಪ್ಟಿನವರು ಸ್ವರಗಳನ್ನು ಬರೆಯುತ್ತಿರಲಿಲ್ಲ. ಆದ್ದರಿಂದ ಮೆರಿತ್ ಅವನನ್ನು ನಿಜಕ್ಕೂ ಹೇಗೆ ಕೂಗುತ್ತಿದ್ದಳೋ ಯಾರೂ ಹೇಳಲಾರರು. ಚಿಹ್ನೆ ಸಿಕ್ಕಲು ಅರ್ಧ ಗಂಟೆಗೂ ಹೆಚ್ಚು ಹಿಡಿಯಿತು, ಬಾಗಿ ಬಾಗಿ ಬೆನ್ನು ನೋವು ಬಂತು. ಸಿಕ್ಕಾಗ ಮೆಲ್ಲಗೆ ಆ ಹೆಸರು ಹೇಳಿದೆ. ಪೆಟ್ಟಿಗೆಯ ಮೇಲೆ ಇಲ್ಲದ ಅವಳ ಹೆಸರನ್ನೂ ಹೇಳಿದೆ. ಪಕ್ಕದಲ್ಲಿದ್ದ ಕಾವಲಿನವನು ಒಮ್ಮೆ ತಿರುಗಿ ನೋಡಿ ಸುಮ್ಮನಾದ.

ಮುಂದಿನ ಸಲ ಬೇಗೂರಿಗೆ ಬರುವವರಿಗೆ ಈಗಲೇ ಹೇಳಿಬಿಡುತ್ತೇನೆ. 'ಬೆಂಗಳೂರ' ಪದವನ್ನು ಕೊನೆಗೆ ತೋರಿಸುತ್ತೇನೆ. ಮೊದಲು ಬುಟ್ಟಣಸೆಟ್ಟಿ. ಅಕ್ಷರ ಅಕ್ಷರವಾಗಿ, ಎಲ್ಲರೂ ಸೇರಿ, ಗಟ್ಟಿಯಾಗಿ ಓದೋಣ. ತಿಂಡಿ ಸ್ವಲ್ಪ ತಡವಾಗಬಹುದು.